ಸಾರ್ಡಿನಿಯಾದ ನುರಾಗೆ: ಗಾರೆಯಿಲ್ಲದ ಗೋಪುರದ ಮೆಕ್ಯಾನಿಕ್ಸ್

ಮೆಡಿಟರೇನಿಯನ್ ಸಮುದ್ರದಲ್ಲಿ, ಇಟಲಿಯ ಪಶ್ಚಿಮಕ್ಕೆ, ಸಾರ್ಡಿನಿಯಾ ಅಂತ ಒಂದು ದ್ವೀಪ ಇದೆ. ವಿಸ್ತೀರ್ಣ ಸುಮಾರು 24,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಎಂಟನೇ ಒಂದು ಭಾಗ. ಈ ಪುಟ್ಟ ದ್ವೀಪದಲ್ಲಿ ಇವತ್ತಿಗೂ ಸುಮಾರು 7,000 ಕಲ್ಲಿನ ಗೋಪುರಗಳ ಅವಶೇಷಗಳಿವೆ. ಸರಾಸರಿ ಲೆಕ್ಕ ಹಾಕಿದರೆ ಮೂರೂವರೆ ಚದರ ಕಿಲೋಮೀಟರಿಗೆ ಒಂದು! ಗುಡ್ಡದ ನೆತ್ತಿಯಲ್ಲಿ, ಹೊಲದ ನಡುವೆ, ಹೆದ್ದಾರಿಯ ಪಕ್ಕದಲ್ಲಿ ಎಲ್ಲೆಂದರಲ್ಲಿ ಕಾಣುವ ಈ ಗೋಪುರಕ್ಕೆ ಅಲ್ಲಿನ ಜನ ‘ನುರಾಗೆ’ ಅಂತಾರೆ. ಕಟ್ಟಿದವರ ಸಂಸ್ಕೃತಿಗೂ ಇತಿಹಾಸಕಾರರು ಇದೇ ಹೆಸರು ಕೊಟ್ಟಿದ್ದಾರೆ: ನುರಾಗಿಕ್ ಸಂಸ್ಕೃತಿ.

ಇವುಗಳ ಕಾಲ ಕಂಚಿನ ಯುಗ. ಕ್ರಿ.ಪೂ. 1800ರ ಸುಮಾರಿಗೆ ಮೊದಲ ಪ್ರಯತ್ನಗಳು ಶುರುವಾದವು. ಕ್ರಿ.ಪೂ. 1600ರಿಂದ 1200ರ ನಡುವೆ ಕೆಲಸ ಭರಾಟೆಯಿಂದ ನಡೆಯಿತು, ಆಮೇಲೆ ನಿಂತುಹೋಯಿತು. ಕಟ್ಟಿದವರು ಲಿಪಿ ಬಳಸಿದವರಲ್ಲ. ಹಾಗಾಗಿ ನಕ್ಷೆ, ಶಾಸನ, ಲೆಕ್ಕಪತ್ರ ಏನೂ ಇಲ್ಲ. ಕಬ್ಬಿಣದ ಉಳಿಯಿಲ್ಲ, ಸಿಮೆಂಟ್ ಬಿಡಿ, ಸುಣ್ಣದ ಗಾರೆಯೂ ಇಲ್ಲ. ಆದರೂ ಮೂರು ಸಾವಿರ ವರ್ಷದ ಮೇಲೆ ಕೆಲವು ಗೋಪುರಗಳ ಒಳಗೆ ನಾವು ಈಗಲೂ ನಡೆದು ಹೋಗಬಹುದು, ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಗೆ ಏರಬಹುದು.

ಬರೆದಿಟ್ಟ ಒಂದು ಸಾಲೂ ಇಲ್ಲದಿರುವಾಗ, ಕಟ್ಟಿದವರಿಗೆ ಏನು ಗೊತ್ತಿತ್ತು ಅಂತ ತಿಳಿಯೋದು ಹೇಗೆ? ಕಟ್ಟಡವನ್ನೇ ಓದಬೇಕು. ಅದನ್ನು ಓದೋಕೆ ಬೇಕಾದ ಅಕ್ಷರಮಾಲೆ ನಮ್ಮೆಲ್ಲರ ಹತ್ತಿರ ಇದೆ: ಮೊದಲ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್. ಬನ್ನಿ, ಅಷ್ಟನ್ನೇ ಇಟ್ಟುಕೊಂಡು ಒಂದು ನುರಾಗೆಯನ್ನು ಓದೋಣ.

ಒಳಗೆ ಏನಿದೆ?

ಸರಳವಾದ ನುರಾಗೆ ಅಂದರೆ ಒಂದೇ ಗೋಪುರ. ತುದಿ ಕತ್ತರಿಸಿದ ಶಂಕುವಿನ ಆಕಾರ. ಬುಡ ಅಗಲ, ಮೇಲೆ ಹೋದಂತೆ ಕಿರಿದು. ಬುಡದ ವ್ಯಾಸ ಸಾಮಾನ್ಯವಾಗಿ 10ರಿಂದ 15 ಮೀಟರ್. ಕೆಳಗಿನ ಸಾಲುಗಳಲ್ಲಿ ದೊಡ್ಡ ದೊಡ್ಡ ಬಂಡೆಗಳು, ಮೇಲಕ್ಕೆ ಹೋದ ಹಾಗೆ ಕಲ್ಲಿನ ಗಾತ್ರ ಚಿಕ್ಕದಾಗುತ್ತದೆ. ಸಿಕ್ಕ ಕಡೆ ಬಸಾಲ್ಟ್, ಇಲ್ಲದ ಕಡೆ ಗ್ರಾನೈಟ್, ಸುಣ್ಣಕಲ್ಲು. ಒಟ್ಟಿನಲ್ಲಿ ಆಯಾ ಊರಿನ ಕಲ್ಲು.

ಬಾಗಿಲು ಚಿಕ್ಕದು. ಮೇಲೆ ಒಂದೇ ದಪ್ಪ ಕಲ್ಲಿನ ಲಿಂಟಲ್. ಒಳಗೆ ಹೋದರೆ ಸಣ್ಣ ಓಣಿ, ಅದರ ಗೋಡೆಯಲ್ಲಿ ಗೂಡುಗಳು. ಇನ್ನೂ ಮುಂದೆ ಹೋದರೆ ದುಂಡನೆಯ ಕೋಣೆ. ತಲೆ ಎತ್ತಿ ನೋಡಿದರೆ ಸುತ್ತಲಿನ ಗೋಡೆಯೇ ಸಾಲು ಸಾಲಾಗಿ ಒಳಕ್ಕೆ ಚಾಚುತ್ತಾ ಹೋಗಿ, ಮೇಲೆ ಒಂದೇ ಕಲ್ಲಿನಲ್ಲಿ ಮುಚ್ಚಿಕೊಂಡಿರುತ್ತದೆ. ಜೇನುಗೂಡನ್ನು ಬೋರಲು ಹಾಕಿದ ಹಾಗೆ. ಇದಕ್ಕೆ ‘ಥೋಲೋಸ್’ ಅನ್ನುತ್ತಾರೆ. ಇಸಿಲಿ ಎಂಬ ಊರಿನ ಇಸ್ ಪಾರಾಸ್ ನುರಾಗೆಯಲ್ಲಿ ಈ ಥೋಲೋಸ್ ಎತ್ತರ ಹತ್ತಿರ ಹತ್ತಿರ 12 ಮೀಟರ್. ನಾಲ್ಕು ಅಂತಸ್ತಿನ ಹಾಸ್ಟೆಲ್ ಕಟ್ಟಡದಷ್ಟು!

ಹೊರಗೋಡೆ ಮತ್ತು ಒಳಗೋಡೆ ಎರಡು ಬೇರೆ ಬೇರೆ ಮುಖಗಳು. ನಡುವೆ ಸಣ್ಣ ಕಲ್ಲು, ಮಣ್ಣು ತುಂಬಿದ್ದಾರೆ. ಆ ದಪ್ಪದೊಳಗೇ ಮೆಟ್ಟಿಲು ಸುರುಳಿಯಾಗಿ ಮೇಲಕ್ಕೆ ಹೋಗುತ್ತದೆ. ಮೇಲೆ ಇನ್ನೊಂದು ಕೋಣೆ, ದೊಡ್ಡ ಗೋಪುರವಾದರೆ ಅದರ ಮೇಲೆ ಮತ್ತೊಂದು. ತೊರಾಲ್ಬಾದ ಸಾಂತು ಆಂತಿನೆ ನುರಾಗೆ ಮೂರು ಅಂತಸ್ತಿನದು. ನೆತ್ತಿ ಬಿದ್ದುಹೋದ ಮೇಲೂ ಅದರ ಎತ್ತರ ಸುಮಾರು 17.5 ಮೀಟರ್ ಇದೆ.

ಕಲ್ಲು ಪುಡಿಯಾಗಲ್ಲ, ಹಾಗಾದ್ರೆ ಭಯ ಯಾವುದಕ್ಕೆ?

ಇಷ್ಟು ಭಾರ ಮೇಲಿದ್ದರೆ ಕೆಳಗಿನ ಕಲ್ಲು ಒಡೆಯಲ್ವಾ ಅನ್ನೋದು ಮೊದಲ ಅನುಮಾನ. ಲೆಕ್ಕ ಹಾಕೋಣ. ಬಸಾಲ್ಟ್ ಸಾಂದ್ರತೆ ಸುಮಾರು 2,800 ಕೆಜಿ ಪ್ರತಿ ಘನ ಮೀಟರಿಗೆ. 18 ಮೀಟರ್ ಎತ್ತರದ ಕಂಬ ಅಂದುಕೊಳ್ಳಿ. ಬುಡದಲ್ಲಿ ಒತ್ತಡ = 2,800 × 9.81 × 18, ಅಂದರೆ ಹೆಚ್ಚುಕಡಿಮೆ 0.5 ಮೆಗಾಪಾಸ್ಕಲ್. ಒಳ್ಳೆಯ ಬಸಾಲ್ಟ್ ತಡೆಯುವ ಒತ್ತಡ 100 ಮೆಗಾಪಾಸ್ಕಲ್‌ಗಿಂತ ಜಾಸ್ತಿ. ನಾವು ಲ್ಯಾಬಿನಲ್ಲಿ ಕ್ಯೂಬ್ ಒಡೆದು ನೋಡುವ ಎಂ-20 ಕಾಂಕ್ರೀಟ್ ಕೂಡ 20 ಮೆಗಾಪಾಸ್ಕಲ್ ತಡೆಯುತ್ತದೆ. ಕಲ್ಲುಗಳು ಪೂರ್ತಿ ಮೈಗೆ ಮೈ ತಾಗಿ ಕೂತಿರಲ್ಲ, ಅಲ್ಲಲ್ಲಿ ಮಾತ್ರ ತಾಗಿರುತ್ತವೆ, ಅಲ್ಲಿ ಒತ್ತಡ ಹಲವು ಪಟ್ಟು ಇರುತ್ತದೆ. ಅದನ್ನು ಸೇರಿಸಿದರೂ ಕಲ್ಲು ಪುಡಿಯಾಗುವ ಮಾತು ದೂರ.

ಹಾಗಾದರೆ ಭಯ ಎರಡಕ್ಕೆ. ಒಂದು, ಕಲ್ಲನ್ನು ಎಳೆದರೆ ಅಥವಾ ಬಾಗಿಸಿದರೆ ಬೇಗ ಬಿರುಕು ಬಿಡುತ್ತದೆ. ಅದರ ಟೆನ್ಸೈಲ್ ಶಕ್ತಿ ಕಂಪ್ರೆಸಿವ್ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ. ಅದೂ ಒಂದು ಕಲ್ಲಿನೊಳಗೆ. ಎರಡು ಕಲ್ಲಿನ ನಡುವೆ ಗಾರೆಯೇ ಇಲ್ಲದಿದ್ದರೆ ಅಲ್ಲಿ ಟೆನ್ಶನ್ ತಡೆಯುವ ಶಕ್ತಿ ಸೊನ್ನೆ. ಎರಡು, ಸಮತೋಲ ತಪ್ಪಿ ಮಗುಚುವುದು.

1966ರಲ್ಲಿ ಕೇಂಬ್ರಿಜ್‌ನ ಎಂಜಿನಿಯರ್ ಜಾಕ್ ಹೇಮನ್ ಕಲ್ಲಿನ ಕಟ್ಟಡಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನೇ ಮೂರು ನಿಯಮವಾಗಿ ಇಟ್ಟರು: ಕಲ್ಲಿನ ಜೋಡಣೆಗೆ ಎಳೆತ ತಡೆಯುವ ಶಕ್ತಿ ಇಲ್ಲ ಅಂದುಕೊಳ್ಳಿ, ಒತ್ತಡ ತಡೆಯುವ ಶಕ್ತಿ ಅಪಾರ ಅಂದುಕೊಳ್ಳಿ, ಕಲ್ಲು ಕಲ್ಲಿನ ಮೇಲೆ ಜಾರಲ್ಲ ಅಂದುಕೊಳ್ಳಿ. ಆಮೇಲೆ ಉಳಿಯೋದು ಆಕಾರದ ಪ್ರಶ್ನೆ ಮಾತ್ರ. ಭಾರ ಸಾಗುವ ದಾರಿ ಕಲ್ಲಿನ ಒಳಗೇ ಇದ್ದರೆ ಕಟ್ಟಡ ನಿಲ್ಲುತ್ತದೆ, ಹೊರಗೆ ಹೋದರೆ ಬೀಳುತ್ತದೆ.

ನುರಾಗೆಯ ಬಾಗಿಲನ್ನೇ ನೋಡಿ. ಲಿಂಟಲ್ ಅಂದರೆ ಬೀಮ್. ಮೇಲಿಂದ ಭಾರ ಬಿದ್ದರೆ ಬಾಗುತ್ತದೆ, ಕೆಳಮುಖದಲ್ಲಿ ಟೆನ್ಶನ್ ಬರುತ್ತದೆ, ಬಿರುಕು ಶುರು. ಅದಕ್ಕೆ ಅವರು ಲಿಂಟಲ್‌ನ ಸರಿಯಾಗಿ ಮೇಲೆ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ. ಗೋಡೆಯ ಭಾರ ಕಿಂಡಿಯ ಎರಡೂ ಬದಿಗೆ ಹರಿದು ನೇರ ಬಾಗಿಲ ಪಕ್ಕದ ಕಲ್ಲುಗಳಿಗೆ ಇಳಿಯುತ್ತದೆ. ಲಿಂಟಲ್‌ನ ನಡುಭಾಗಕ್ಕೆ ಹೊರೆ ಇಲ್ಲ. ಸ್ವಲ್ಪ ಬೆಳಕೂ ಒಳಗೆ ಬರುತ್ತದೆ. ಬೆಂಡಿಂಗ್ ಮೊಮೆಂಟ್ ಅನ್ನೋ ಹೆಸರು ಗೊತ್ತಿಲ್ಲದಿದ್ದರೂ ಅದು ಎಲ್ಲಿ ಕಾಟ ಕೊಡುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಟೇಬಲ್ ಮೇಲೆ ಒಂದು ಪ್ರಯೋಗ

ಈಗ ಥೋಲೋಸ್. ನಾಲ್ಕು ಒಂದೇ ಅಳತೆಯ ಪುಸ್ತಕ ತಗೊಳ್ಳಿ. ಟೇಬಲ್ ಅಂಚಿನಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನದ್ದು ಎಷ್ಟು ಸಾಧ್ಯವೋ ಅಷ್ಟು ಹೊರಗೆ ಚಾಚುವ ಹಾಗೆ ಜರುಗಿಸಿ. ಮೇಲಿನ ಪುಸ್ತಕ ಅರ್ಧ ಉದ್ದ, ಅದರ ಕೆಳಗಿನದು ನಾಲ್ಕನೇ ಒಂದು, ಆಮೇಲೆ ಆರನೇ ಒಂದು, ಎಂಟನೇ ಒಂದು. ಕೂಡಿಸಿದರೆ 1.04. ಅಂದರೆ ಮೇಲಿನ ಪುಸ್ತಕ ಪೂರ್ತಿ ಟೇಬಲ್‌ನಿಂದ ಆಚೆ! ಆದರೆ ಎರಡು ಪುಸ್ತಕದಷ್ಟು ಉದ್ದ ಚಾಚಬೇಕು ಅಂದ್ರೆ 31 ಪುಸ್ತಕ ಬೇಕು, ಮೂರರಷ್ಟು ಅಂದ್ರೆ 227. ನಮ್ಮ ಹಳೇ ಗೆಳೆಯ ಹಾರ್ಮೋನಿಕ್ ಸರಣಿ ಇಲ್ಲಿದ್ದಾನೆ.

ಕಲ್ಲಿಗೆ ಇದನ್ನೇ ಹಚ್ಚೋಣ. ಕೋಣೆಯ ತ್ರಿಜ್ಯ 2.5 ಮೀಟರ್, ಎತ್ತರ 7.5 ಮೀಟರ್, ಒಂದು ಸಾಲಿನ ಎತ್ತರ 30 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಒಟ್ಟು 25 ಸಾಲು. ಪ್ರತಿ ಸಾಲೂ ಸರಾಸರಿ 10 ಸೆಂಟಿಮೀಟರ್ ಒಳಕ್ಕೆ ಬರಬೇಕು. ಕಲ್ಲಿನ ಉದ್ದ 60 ಸೆಂಟಿಮೀಟರ್ ಇದ್ದರೆ ಆರನೇ ಒಂದು ಭಾಗ ಮಾತ್ರ ಚಾಚಿದ ಹಾಗಾಯ್ತು. ತುಂಬಾ ಸುಲಭ ಅನ್ನಿಸುತ್ತೆ ಅಲ್ವಾ?

ಆದರೆ ಗುರುತ್ವ ಕೇಂದ್ರದ ಲೆಕ್ಕ ಹಾಕಿ. ಒಂದು ಬುಡದ ಕಲ್ಲಿನ ಮೇಲೆ, ಪ್ರತಿಯೊಂದೂ 10 ಸೆಂಟಿಮೀಟರ್ ಮುಂದಕ್ಕೆ ಬರುವಂತೆ ಇಡುತ್ತಾ ಹೋದರೆ, ಮೇಲಿನ ಐದು ಕಲ್ಲುಗಳ ಸರಾಸರಿ ಸರಿತ = 10 × (1+2+3+4+5) ÷ 5 = 30 ಸೆಂಟಿಮೀಟರ್. ಬುಡದ ಕಲ್ಲಿನ ಅರ್ಧ ಉದ್ದವೂ 30. ಅಂದರೆ ಐದನೇ ಕಲ್ಲಿಗೆ ಗುರುತ್ವ ಕೇಂದ್ರ ಸರಿಯಾಗಿ ಅಂಚಿಗೆ ಬಂತು. ಆರನೆಯದು ಇಟ್ಟರೆ ಎಲ್ಲಾ ಮಗುಚುತ್ತದೆ. ಬೇಕಾಗಿರೋದು 25 ಸಾಲು, ಸಾಧ್ಯವಾಗೋದು ಐದು. ಈ ಅಂತರವನ್ನು ನುರಾಗೆ ಕಟ್ಟಿದವರು ಹೇಗೆ ತುಂಬಿದರು? ಇಡೀ ಕಟ್ಟಡದ ಗುಟ್ಟು ಇರೋದು ಇಲ್ಲೇ.

ಬಾಲದ ಮೇಲಿನ ಭಾರ, ಕೋಣೆಯ ದುಂಡು

ಮೊದಲ ಉಪಾಯ ಕೌಂಟರ್‌ವೇಟ್. ಚಾಚಿದ ಕಲ್ಲಿನ ಹಿಂಭಾಗ, ಅಂದರೆ ಬಾಲ, ದಪ್ಪ ಗೋಡೆಯೊಳಗೆ ಹುದುಗಿದೆ. ಅದರ ಮೇಲೆ ತುಂಬು ಕಲ್ಲು, ಹೊರಗೋಡೆಯ ಭಾರ ಕೂತಿದೆ. ಮೂತಿ ಕೆಳಗೆ ಬಾಗಬೇಕಾದರೆ ಬಾಲ ಮೇಲೇಳಬೇಕು. ಅದರ ಮೇಲೆ ಟನ್‌ಗಟ್ಟಲೆ ಭಾರ ಇರುವಾಗ ಎಲ್ಲಿ ಏಳುತ್ತೆ? ಸಂತೆಯಲ್ಲಿ ತಕ್ಕಡಿಯ ಒಂದು ತಟ್ಟೆಯನ್ನು ಕೈಯಲ್ಲಿ ಅದುಮಿ ಹಿಡಿದ ಹಾಗೆ.

ಎರಡನೆಯದು ವೃತ್ತ. ದುಂಡು ಸಾಲಿನ ಎಲ್ಲ ಕಲ್ಲುಗಳೂ ಒಟ್ಟಿಗೆ ಒಳಕ್ಕೆ ವಾಲಲು ನೋಡುತ್ತವೆ. ಒಳಕ್ಕೆ ಬಂದರೆ ಸುತ್ತಳತೆ ಕಡಿಮೆಯಾಗಬೇಕು. ಆದರೆ ಕಲ್ಲುಗಳ ಅಗಲ ಕಡಿಮೆಯಾಗಲ್ಲ. ಹಾಗಾಗಿ ಪಕ್ಕದ ಕಲ್ಲು ಪಕ್ಕದ ಕಲ್ಲನ್ನು ಒತ್ತಿ ಹಿಡಿಯುತ್ತದೆ, ಸಾಲು ಪೂರ್ತಿ ಬಿಗಿದುಕೊಳ್ಳುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಬ್ರೇಕ್ ಹಾಕಿದಾಗ ಯಾರೂ ಬೀಳದ ಹಾಗೆ, ಎಲ್ಲರೂ ಎಲ್ಲರನ್ನೂ ತಡೆದಿರುತ್ತಾರೆ. ಇದೇ ಹೂಪ್ ಕಂಪ್ರೆಶನ್. ಸಂದುಗಳಲ್ಲಿ ಬೆಣೆಯಂತೆ ತುರುಕಿದ ಸಣ್ಣ ಚಕ್ಕೆ ಕಲ್ಲುಗಳು ಈ ಬಿಗಿತವನ್ನು ಪೂರ್ತಿ ಮಾಡುತ್ತವೆ.

ಅತಿ ಹಳೆಯ ನುರಾಗೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಅವುಗಳಲ್ಲಿ ದೊಡ್ಡ ದುಂಡು ಕೋಣೆ ಇಲ್ಲ. ದಪ್ಪ ಕಲ್ಲಿನ ರಾಶಿಯೊಳಗೆ ಇಕ್ಕಟ್ಟಾದ ಓಣಿಗಳು ಮಾತ್ರ, ಮೇಲೆ ಚಪ್ಪಡಿ ಕಲ್ಲು. ಉದ್ದನೆಯ ಓಣಿಯಲ್ಲಿ ಎದುರುಬದುರು ಎರಡು ಗೋಡೆ ಒಳಕ್ಕೆ ಚಾಚಬಹುದು, ಆದರೆ ಒಂದೇ ಸಾಲಿನ ಕಲ್ಲುಗಳು ಪರಸ್ಪರ ಬಿಗಿದುಕೊಳ್ಳುವುದಿಲ್ಲ. ನೇರ ಗೆರೆಯಲ್ಲಿ ಹೂಪ್ ಇಲ್ಲ. ಆದ್ದರಿಂದ ಅಗಲ ಮೀಟರ್ ಎರಡು ಮೀಟರ್‌ನಲ್ಲೇ ಉಳಿಯುತ್ತದೆ. ಓಣಿಯಿಂದ ದುಂಡು ಕೋಣೆಗೆ ಬಂದದ್ದು ಬರೀ ಚೆಂದಕ್ಕಲ್ಲ. ಅದೇ ಕಲ್ಲು, ಅದೇ ಸಲಕರಣೆ ಇಟ್ಟುಕೊಂಡು ಹಲವು ಪಟ್ಟು ಅಗಲವನ್ನು ಮುಚ್ಚುವ ದಾರಿ ಅದು.

ಇನ್ನೂ ಒಂದು ಲಾಭ ಇದೆ. ಇವತ್ತು ನಾವು ಸ್ಲ್ಯಾಬ್ ಹಾಕಬೇಕಾದರೆ ಮೊದಲು ಸೆಂಟ್ರಿಂಗ್ ಕಟ್ಟಬೇಕು. ನಿಜವಾದ ಕಮಾನಿಗೂ ಅಷ್ಟೇ, ನಡುಗಲ್ಲು ಕೂರುವ ತನಕ ಕೆಳಗೆ ಆಸರೆ ಬೇಕು. ಥೋಲೋಸ್‌ನಲ್ಲಿ ಒಂದು ಸಾಲು ಸುತ್ತು ಮುಗಿದ ಕೂಡಲೇ ತಾನೇ ಬಿಗಿದುಕೊಂಡು ನಿಲ್ಲುತ್ತದೆ, ಮೇಲಿನ ಸಾಲಿಗೆ ಕಾಯಬೇಕಾಗಿಲ್ಲ. ಸುತ್ತು ಮುಗಿಯುವ ತನಕ ಬಾಲದ ಭಾರ ಸಾಕು. ಪ್ರತಿ ಹಂತದಲ್ಲೂ ಅರ್ಧ ಕಟ್ಟಿದ ಗೋಪುರ ಕೂಡ ಭದ್ರ.

ಇದಕ್ಕೆ ತೆತ್ತ ಬೆಲೆ

ಪುಕ್ಕಟೆ ಏನೂ ಬರಲ್ಲ. ಬುಡದ ವ್ಯಾಸ 12 ಮೀಟರ್, ಕೋಣೆಯ ವ್ಯಾಸ 5 ಮೀಟರ್ ಇರುವ ಗೋಪುರದ ಲೆಕ್ಕ ನೋಡಿ. ಒಟ್ಟು ನೆಲ 113 ಚದರ ಮೀಟರ್, ಕೋಣೆ ಸುಮಾರು 20. ನೂರರಲ್ಲಿ 83 ಭಾಗ ಗೋಡೆಗೇ ಹೋಯಿತು! ನಮ್ಮ ಕಾಲದ ಬಿಲ್ಡರ್ ಕೇಳಿದರೆ ಎದೆ ಒಡೆದುಕೊಳ್ಳುತ್ತಾನೆ.

ಅದೇ ಕಾಲದಲ್ಲಿ ಗ್ರೀಸಿನ ಮೈಸೀನಿಯಲ್ಲೂ ಥೋಲೋಸ್ ಕಟ್ಟುತ್ತಿದ್ದರು. ಅಲ್ಲಿನ ‘ಏಟ್ರಿಯಸ್‌ನ ಖಜಾನೆ’ ಎಂಬ ಸಮಾಧಿಯ ಅಗಲ ಸುಮಾರು 14.5 ಮೀಟರ್. ನುರಾಗೆಯ ಕೋಣೆಗಿಂತ ಎಷ್ಟೋ ದೊಡ್ಡದು. ಆದರೆ ಅದು ಮಣ್ಣಿನ ದಿಬ್ಬದೊಳಗೆ ಹುದುಗಿದ ಕಟ್ಟಡ. ಬಾಲದ ಭಾರವನ್ನು ಸುತ್ತಲಿನ ಮಣ್ಣೇ ಕೊಡುತ್ತದೆ. ನುರಾಗೆ ಬಯಲಲ್ಲಿ ಒಂಟಿಯಾಗಿ ನಿಲ್ಲಬೇಕು, ಮೇಲೊಂದು ಅಂತಸ್ತನ್ನೂ ಹೊರಬೇಕು. ಹಾಗಾಗಿ ಆ ದಿಬ್ಬದ ಕೆಲಸವನ್ನು ದಪ್ಪ ಗೋಡೆ ಮಾಡುತ್ತದೆ. ಮೂರು ನಾಲ್ಕು ಮೀಟರ್ ಗೋಡೆ ನೋಡಿ ‘ಯುದ್ಧಕ್ಕೇ ಕಟ್ಟಿದ್ದು’ ಅಂತ ತೀರ್ಮಾನ ಮಾಡುವ ಮೊದಲು ಇದನ್ನು ನೆನಪಿಡಬೇಕು. ಶತ್ರುವೇ ಇಲ್ಲದಿದ್ದರೂ ಅಷ್ಟು ದಪ್ಪ ಬೇಕಾಗಿತ್ತು.

ಚಾಚುಗಲ್ಲಿನ ಈ ತಂತ್ರ ನಮಗೂ ಹೊಸತಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ನಡುವಿನ ಭುವನೇಶ್ವರಿಯನ್ನು ನೋಡಿದ್ದರೆ, ಸುತ್ತು ಸುತ್ತಾಗಿ ಒಳಕ್ಕೆ ಬರುವ ಕಲ್ಲಿನ ಸಾಲುಗಳು ನೆನಪಿರಬಹುದು. ಸಾರ್ಡಿನಿಯಾದಿಂದ ಇಲ್ಲಿಗೆ ವಿದ್ಯೆ ಬಂತು ಅಂತಲ್ಲ. ಕಲ್ಲಿನ ಸ್ವಭಾವ ಎಲ್ಲ ಕಡೆ ಒಂದೇ, ಆದ್ದರಿಂದ ಉತ್ತರವೂ ಒಂದೇ ಥರ. ವಿಜಯಪುರದ ಗೋಳಗುಮ್ಮಟ ಮಾತ್ರ ಬೇರೆ ಜಾತಿ. ಅದು ಗಾರೆ ಹಾಕಿ ಕಟ್ಟಿದ ನಿಜವಾದ ಗುಮ್ಮಟ, ಹೊರವ್ಯಾಸವೇ ಸುಮಾರು 44 ಮೀಟರ್.

ಬರುಮಿನಿ: ಗುಡ್ಡದೊಳಗಿದ್ದ ಗೋಪುರ

ನುರಾಗೆಗಳಲ್ಲಿ ಎಲ್ಲಕ್ಕಿಂತ ಹೆಸರಾಗಿರುವುದು ಬರುಮಿನಿ ಊರಿನ ‘ಸು ನುರಾಝಿ’. ಸ್ಥಳೀಯ ಮಾತಿನಲ್ಲಿ ಇದರ ಅರ್ಥ ನುರಾಗೆ ಅಂತಲೇ. 1950ರ ತನಕ ಅದು ಮಣ್ಣು, ಕಲ್ಲು ಮುಚ್ಚಿದ ದಿಬ್ಬವಾಗಿತ್ತು. ಅದೇ ಊರಲ್ಲಿ 1914ರಲ್ಲಿ ಹುಟ್ಟಿದ ಜೊವಾನ್ನಿ ಲಿಲ್ಲಿಯು ಮುಂದೆ ಪುರಾತತ್ವಜ್ಞರಾಗಿ, 1950ರ ದಶಕದಲ್ಲಿ ತಮ್ಮೂರಿನ ದಿಬ್ಬವನ್ನೇ ಅಗೆದರು. ಒಳಗಿಂದ ಮೂರು ಅಂತಸ್ತಿನ ಮುಖ್ಯ ಗೋಪುರ, ಅದನ್ನು ಸುತ್ತುವರಿದ ನಾಲ್ಕು ಗೋಪುರಗಳ ಕೋಟೆ, ಅಂಗಳದಲ್ಲಿ ಬಾವಿ, ಹೊರಗೆ ಹತ್ತಾರು ದುಂಡು ಗುಡಿಸಲುಗಳ ಊರು ಹೊರಬಂತು. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಮೊದಲು ಒಂಟಿ ಗೋಪುರ. ಆಮೇಲೆ ಅದರ ಸುತ್ತ ನಾಲ್ಕು ಗೋಪುರ. ಕೊನೆಗೆ ಆ ಕೋಟೆಗೂ ಹೊರಗಿಂದ ಸುಮಾರು 3 ಮೀಟರ್ ದಪ್ಪದ ಇನ್ನೊಂದು ಗೋಡೆಯ ಹೊದಿಕೆ. ಆ ಹೊದಿಕೆಯಿಂದ ಹಳೆಯ ಬಾಗಿಲು ಮುಚ್ಚಿಹೋಯಿತು. ಹೊಸ ಬಾಗಿಲನ್ನು ನೆಲದಿಂದ ಸುಮಾರು 7 ಮೀಟರ್ ಮೇಲೆ ಇಟ್ಟರು. ದಾಳಿಯ ಭಯಕ್ಕೆ ಹೀಗೆ ಮಾಡಿದರು ಅನ್ನಬಹುದು. ಹಳೆ ಗೋಡೆ ಹೊರಕ್ಕೆ ಉಬ್ಬಿದ್ದರಿಂದ ಆಸರೆ ಕೊಟ್ಟರು ಅಂತಲೂ ಅನ್ನಬಹುದು. ನಮ್ಮ ಕಾಲೇಜಿನ ಸಿವಿಲ್ ವಿಭಾಗದವರಿಗೆ ಎರಡನೆಯದು ಕೂಡಲೇ ಹೊಳೆಯುತ್ತದೆ, ಇತಿಹಾಸ ಓದಿದವರಿಗೆ ಮೊದಲನೆಯದು. ಎರಡೂ ಕಣ್ಣು ಬೇಕು.

ಯಾಕೆ ಕಟ್ಟಿದರು?

ಈ ಪ್ರಶ್ನೆಗೆ ನೂರು ವರ್ಷದಿಂದ ಜಗಳ ಇದೆ. ಕೋಟೆ, ಕಾವಲು ಗೋಪುರ, ಮುಖಂಡನ ಮನೆ, ದವಸದ ಉಗ್ರಾಣ, ಪೂಜಾಸ್ಥಳ ಎಲ್ಲವನ್ನೂ ಹೇಳಿದ್ದಾರೆ. ಲಿಲ್ಲಿಯು ಕೋಟೆ ಅನ್ನುವ ಪಕ್ಷದವರು. ಪ್ರಸ್ಥಭೂಮಿಯ ಅಂಚು, ಕಣಿವೆಯ ಬಾಯಿ, ನೀರಿನ ಸೆಲೆಯ ಹತ್ತಿರ ಇವು ನಿಂತಿರೋದು ನೋಡಿದರೆ ನೆಲ ಮತ್ತು ದಾರಿಯ ಮೇಲಿನ ಹಿಡಿತ ಒಂದು ಕಾರಣ ಇರಲೇಬೇಕು ಅನ್ನಿಸುತ್ತದೆ. ಆದರೆ 7,000 ಗೋಪುರಕ್ಕೆ, ಹಲವು ಶತಮಾನಕ್ಕೆ, ಒಂದೇ ಉಪಯೋಗ ಇರಬೇಕು ಅಂತ ಯಾಕೆ ಹಟ?

ಗಮನಿಸಬೇಕಾದ್ದು ಕೊನೆಯ ಅಧ್ಯಾಯ. ಹೊಸ ಗೋಪುರ ಕಟ್ಟೋದು ನಿಂತ ಮೇಲೆ ಅವರು ನುರಾಗೆಯ ಚಿಕ್ಕ ಮಾದರಿಗಳನ್ನು ಮಾಡಲು ಶುರುಮಾಡಿದರು, ಕಲ್ಲಿನಲ್ಲಿ, ಕಂಚಿನಲ್ಲಿ. ಆಲ್ಗೇರೋ ಹತ್ತಿರದ ಪಾಲ್ಮಾವೆರಾದಲ್ಲಿ ಊರಿನವರು ಸಭೆ ಸೇರುವ ದುಂಡು ಕೋಣೆಯ ನಡುವೆ ಇಂಥ ಒಂದು ಕಲ್ಲಿನ ಮಾದರಿ ಇತ್ತು. ಅಜ್ಜಂದಿರು ಕಟ್ಟಿದ ಗೋಪುರ ಮೊಮ್ಮಕ್ಕಳಿಗೆ ಊರಿನ ಗುರುತಾಯಿತು. ನಮಗೂ ಈ ಮಾದರಿಗಳಿಂದ ದೊಡ್ಡ ಉಪಕಾರ: ನಿಜ ಗೋಪುರಗಳ ನೆತ್ತಿ ಬಿದ್ದುಹೋಗಿದೆ, ಆದರೆ ಮಾದರಿಗಳಲ್ಲಿ ಮೇಲೆ ಹೊರಚಾಚಿದ ಕೈಪಿಡಿ ಗೋಡೆ ಇದೆ. ಬರುಮಿನಿಯಲ್ಲಿ ಕೆಳಗೆ ಬಿದ್ದಿದ್ದ ದೊಡ್ಡ ಚಾಚುಗಲ್ಲುಗಳು ಅದಕ್ಕೆ ಸರಿಯಾಗಿ ಹೊಂದಿದವು. ಹೀಗೆ ಮಾದರಿಯನ್ನೂ ಬಿದ್ದ ಕಲ್ಲನ್ನೂ ಜೋಡಿಸಿ, ಮುಖ್ಯ ಗೋಪುರ 18 ಮೀಟರಿಗಿಂತ ಎತ್ತರ ಇತ್ತು ಅಂತ ಲೆಕ್ಕ ಹಾಕಿದ್ದಾರೆ.

ಉಳಿದಿರೋದು, ಉಳಿಸಬೇಕಾದ್ದು

ಸಾವಿರಾರು ನುರಾಗೆಗಳು ಅರ್ಧ ಕುಸಿದರೂ ನಿಂತಿರುವುದಕ್ಕೆ ಕಾರಣವೂ ಅದೇ ಮೆಕ್ಯಾನಿಕ್ಸ್. ಮೇಲಿನ ಮುಚ್ಚುಗಲ್ಲು ಹೋದರೂ ಕೆಳಗಿನ ಪ್ರತಿ ಸಾಲೂ ತಾನೇ ಒಂದು ಮುಗಿದ ಸುತ್ತು, ನಿಂತೇ ಇರುತ್ತದೆ. ಒಂದು ಕಮಾನಿನ ನಡುಗಲ್ಲು ಕಿತ್ತರೆ ಕಮಾನೇ ಇಲ್ಲ. ಆದರೆ ಥೋಲೋಸ್‌ನ ಪಕ್ಕಕ್ಕೆ ಕನ್ನ ಹಾಕಿದರೆ ಸುತ್ತು ಮುರಿಯಿತು, ಅಲ್ಲಿ ಮೇಲಿನ ಸಾಲುಗಳೆಲ್ಲ ಜಾರುತ್ತವೆ. ಮನುಷ್ಯರು ಮಾಡಿದ್ದು ಹೆಚ್ಚಾಗಿ ಈ ಎರಡನೆಯದನ್ನೇ. 1820ರಲ್ಲಿ ಸಾರ್ಡಿನಿಯಾದಲ್ಲಿ ಜಮೀನಿಗೆ ಬೇಲಿ ಹಾಕಿಕೊಳ್ಳುವ ಕಾನೂನು ಬಂದಾಗ ದ್ವೀಪದ ತುಂಬ ಕಲ್ಲಿನ ಗೋಡೆ ಎದ್ದವು. ಹತ್ತಿರದ ನುರಾಗೆ ಅಂದರೆ ಸಿದ್ಧ ಕಲ್ಲಿನ ಗಣಿ. ಇನ್ನು ರಿಪೇರಿ ಅಂತ ಸಂದುಗಳಿಗೆ ಸಿಮೆಂಟ್ ಮೆತ್ತಿದರೂ ಅಪಾಯ. ಗಾರೆಯಿಲ್ಲದ ಗೋಡೆ ನೀರನ್ನು ಹೊರಗೆ ಬಿಡುತ್ತದೆ, ನೆಲ ಸ್ವಲ್ಪ ಕುಸಿದರೆ ತಾನೂ ಸ್ವಲ್ಪ ಸರಿದು ಕೂರುತ್ತದೆ. ಸಿಮೆಂಟ್ ಎರಡನ್ನೂ ತಡೆಯುತ್ತದೆ. ಗಟ್ಟಿ ಮಾಡ್ತೀವಿ ಅಂತ ಹೋಗಿ ಬಿರುಕು ತರಿಸುತ್ತೇವೆ.

ನಮ್ಮ ಸುತ್ತಲಿನ ಹಳೆಯ ಕಲ್ಯಾಣಿ, ಕಲ್ಲಿನ ಮಂಟಪ, ಗಾರೆ ಇಲ್ಲದ ಹೊಲದ ಕಟ್ಟೆಗೂ ಈ ಮಾತು ಹೊಂದುತ್ತದೆ. ಒಂದು ಕಟ್ಟಡ ಯಾವ ಉಪಾಯದಿಂದ ನಿಂತಿದೆ ಅಂತ ಓದದೆ ಅದನ್ನು ರಿಪೇರಿ ಮಾಡಬಾರದು.

ಈಗ ನಿಮ್ಮ ಸರದಿ. ಮೂರು ಪ್ರಶ್ನೆ ಬಿಡಿಸಿ ನೋಡಿ:

1. ಮೇಲಿನ ಲೆಕ್ಕದಲ್ಲಿ ಕಲ್ಲಿನ ಉದ್ದ 60ರ ಬದಲು 90 ಸೆಂಟಿಮೀಟರ್ ಇದ್ದರೆ, ಬಾಲದ ಭಾರ ಇಲ್ಲದೆ ಎಷ್ಟು ಸಾಲು ನಿಲ್ಲುತ್ತದೆ?

2. ಸಮ ಅಳತೆಯ ಚಾಚುವಿಕೆ ಬಿಟ್ಟು, ಕೆಳಗೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ ಚಾಚಿದರೆ ಏನು ಲಾಭ? ಪುಸ್ತಕದ ಪ್ರಯೋಗದಲ್ಲಿ ಸುಳಿವು ಇದೆ.

3. ಸುಮಾರು ನಲವತ್ತು ರಬ್ಬರ್ ಅಥವಾ ಸಕ್ಕರೆ ಅಚ್ಚು ತಗೊಂಡು, ಮೊದಲು ಎದುರುಬದುರು ಎರಡು ನೇರ ಗೋಡೆ ಒಳಕ್ಕೆ ಚಾಚಿ ಕಟ್ಟಿ. ಆಮೇಲೆ ಅಷ್ಟನ್ನೇ ದುಂಡಗೆ ಕಟ್ಟಿ. ಯಾವುದು ಮೊದಲು ಬೀಳುತ್ತೆ, ಯಾವ ಸಾಲಿನಲ್ಲಿ?

ಉತ್ತರವನ್ನು ಕ್ಲಬ್ಬಿನ ಮುಂದಿನ ಸಭೆಗೆ ತನ್ನಿ. ಸಕ್ಕರೆ ಅಚ್ಚು ಉಳಿದಿದ್ದರೆ ಅದನ್ನೂ.